ಹತ್ತರೊಳಗೆ ಪದ್ಮಗಂಧಿ

ಬೆಳಗಿನ ಐದೂವರೆಗೆ ಗುಡ್ಡಮ್ಮ ಒಲೆ ಹಚ್ಚುತ್ತಾರೆ. ಜೋಳದ ಹಿಟ್ಟಿಗೆ ಬಿಸಿನೀರು ಹಾಕಿ ನಾದಿ, ಮೊದಲ ಉಂಡೆ ಹಿಡಿದು ತಟ್ಟಲು ಶುರು ಮಾಡುತ್ತಿದ್ದಂತೆ ಅವರ ತುಟಿಗಳು ಅಲುಗತೊಡಗುತ್ತವೆ. ಪಕ್ಕದ ಮನೆಯವಳಾದ ನಾನು ಬಹಳ ವರ್ಷ ಅದನ್ನು ನಾಮಸ್ಮರಣೆ ಎಂದೇ ತಿಳಿದಿದ್ದೆ. ಶಿವನ ಹೆಸರು ಹೇಳುತ್ತಾ ಬಡಿದ ರೊಟ್ಟಿ ಉಬ್ಬದೆ ಇರುತ್ತದೆಯೇ ಎಂದು ಮನಸ್ಸಿನಲ್ಲೇ ಕೈ ಮುಗಿದದ್ದೂ ಉಂಟು. ಒಂದು ದಿನ ಬೆಂಕಿಪೆಟ್ಟಿಗೆ ಕೇಳಲು ಒಳಗೆ ಹೋದಾಗ ಮಾತು ಸ್ಪಷ್ಟವಾಗಿ ಕಿವಿಗೆ ಬಿತ್ತು.

"ಗಂಡ ಬಾಗಿಲಾಗ ನಿಂತಾನ. ಅತ್ತೆ ಒಳಗಿಂದ ಇಣುಕ್ಯಾಳ. ಪದ್ಮಗಂಧಿ ಕೊಡ ಸೊಂಟಕ್ಕೆ ಇಟ್ಕಂಡ್ಳು..."

ಅದು ಒಂದು ಸಿನಿಮಾದ ಕಥೆ. ಒಂದು ರೊಟ್ಟಿಗೆ ಒಂದು ದೃಶ್ಯ. ಇಪ್ಪತ್ತೆರಡನೆಯ ರೊಟ್ಟಿ ಹಂಚಿನಿಂದ ಇಳಿಯುವಾಗ ಚಿತ್ರ ಮುಗಿಯುತ್ತದೆ. ಉಳಿದ ನೂರು ರೊಟ್ಟಿಯನ್ನು ಅವರು ಸುಮ್ಮನೆ ಬಡಿಯುತ್ತಾರೆ. ಜ್ವರ ಬಂದು ಒಲೆ ಹಚ್ಚದ ದಿನವೂ ಗೋಡೆಗೆ ಒರಗಿ ಕುಳಿತು, ಅಂಗೈಯನ್ನು ತೊಡೆಯ ಮೇಲೆ ಮೆಲ್ಲಗೆ ತಟ್ಟುತ್ತಾ ಹೇಳಿ ಮುಗಿಸುತ್ತಾರೆ. ಯಾಕೆ ಎಂದು ಕೇಳಿದೆ.

"ಒಂದಿನ ಬಿಟ್ರೆ ಒಂದು ಸೀನು ಉದುರಿ ಹೋಗ್ತತಿ ಕಣವ್ವ. ಹೋದ್ರೆ ಎಲ್ಲಿಂದ ತರ್ಲಿ? ಆ ಚಿತ್ರ ಈಗ ಎಲ್ಲೂ ಇಲ್ಲ. ಇದ್ರೆ ಇಲ್ಲೇ ಐತಿ," ಎಂದು ಹಿಟ್ಟಿನ ಬೆರಳಿನಿಂದ ಹಣೆ ಮುಟ್ಟಿ ತೋರಿಸಿದರು. ಹಣೆಯ ವಿಭೂತಿಯ ಮೇಲೆ ಹಿಟ್ಟಿನ ಚುಕ್ಕೆ ಉಳಿಯಿತು.

ಗುಡ್ಡಮ್ಮನಿಗೆ ಈಗ ಎಪ್ಪತ್ತೊಂಬತ್ತು. ಶಿರಾಳಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಐವತ್ತಾರು ವರ್ಷದಿಂದ ರೊಟ್ಟಿ ಮಾಡಿ ಮಾರುತ್ತಿದ್ದಾರೆ. ಹುಟ್ಟಿದ್ದು ಇಲ್ಲಿಂದ ನಾಲ್ಕು ಮೈಲಿ ದೂರದ ಹಳ್ಳಿಯಲ್ಲಿ. ಹನ್ನೊಂದು ವರ್ಷದವರಿದ್ದಾಗ ಅಪ್ಪ ಮೆಣಸಿನಕಾಯಿ ಮಾರಲು ಸಂತೆಗೆ ಬಂದವರು ಮಗಳನ್ನೂ ಗಾಡಿಯಲ್ಲಿ ಕೂರಿಸಿಕೊಂಡು ಬಂದಿದ್ದರು. ಮೆಣಸಿನಕಾಯಿಗೆ ಆ ದಿನ ಒಳ್ಳೆಯ ಧಾರಣೆ ಸಿಕ್ಕಿತು. ಆ ಖುಷಿಗೆ ಸಂಜೆ ಟೂರಿಂಗ್ ಟಾಕೀಸಿನ ಟೆಂಟಿಗೆ ಕರೆದುಕೊಂಡು ಹೋದರು. ಓಡುತ್ತಿದ್ದದ್ದು 'ಸತಿ ಪದ್ಮಗಂಧಿ'. ಚಿತ್ರ ತಯಾರಾಗಿ ಆಗಲೇ ಒಂಬತ್ತು ವರ್ಷವಾಗಿತ್ತು. ಪಟ್ಟಣಗಳಲ್ಲಿ ಓಡಿ ಸವೆದ ಮೇಲೆ ನಮ್ಮ ಕಡೆಯ ಟೆಂಟುಗಳಿಗೆ ಚಿತ್ರಗಳು ಬರುತ್ತಿದ್ದ ಕಾಲ ಅದು. ಗುಡ್ಡಮ್ಮ ಅದನ್ನು ನೋಡಿದ್ದು ಆ ಒಂದೇ ಸಲ.

ಹದಿನೇಳಕ್ಕೆ ಶಿಕಾರಿಪುರದ ಬೆಲ್ಲದ ವ್ಯಾಪಾರಿಯ ಮನೆಗೆ ಮದುವೆ ಮಾಡಿಕೊಟ್ಟರು. ಆರು ವರ್ಷ ಅಲ್ಲಿದ್ದರು. ಆ ಆರು ವರ್ಷದ ಬಗ್ಗೆ ಅವರು ಹೆಚ್ಚು ಹೇಳುವುದಿಲ್ಲ. ಎಡಗಿವಿ ಅವರಿಗೆ ಕೇಳುವುದಿಲ್ಲ, ಅದು ಆ ಮನೆಯಲ್ಲಿ ಆದದ್ದು. ಒಂದು ಬೆಳಿಗ್ಗೆ ನೀರಿಗೆ ಹೊರಟವರು ಕೊಡವನ್ನು ಬಾವಿಕಟ್ಟೆಯ ಮೇಲೇ ಬಿಟ್ಟು ಶಿರಾಳಕೊಪ್ಪದ ಬಸ್ಸು ಹತ್ತಿದರು. ಕರೆದುಕೊಂಡು ಹೋಗಲು ಹಿರಿಯರು ಮೂರು ಸಲ ಬಂದರು. ಅಪ್ಪನೂ ಬಂದು ಕೂತು, "ಸಿನಿಮಾದಾಗಿನ ಹೆಂಗಸು ಹೋದ್ಲು ಅಂತ ನೀನೂ ಹೋಗೋದೇನವ್ವ?" ಎಂದು ಅತ್ತರು. "ಹೌದಪ್ಪ, ನೀನೇ ತೋರ್ಸಿದ್ದಲ್ಲ," ಎಂದರಂತೆ ಮಗಳು.

ಈ ಕಥೆ ನನ್ನೊಬ್ಬಳಿಗೆ ಗೊತ್ತಿದ್ದಷ್ಟು ಕಾಲ ಅದು ಓಣಿಯ ಕಥೆಯಾಗಿಯೇ ಇತ್ತು. ಹುಚ್ಚರಾಯಪ್ಪನವರ ಭಾನುವಾರದ ಕೂಟಕ್ಕೆ ಗುಡ್ಡಮ್ಮ ಹೋಗತೊಡಗಿದ ಮೇಲೆ ಅದಕ್ಕೆ ಬೇರೆ ಓಟ ಬಂತು.

ಹುಚ್ಚರಾಯಪ್ಪನವರಿಗೆ ಮಿಕ್ಸರ್, ಟೇಬಲ್ ಫ್ಯಾನು ರಿಪೇರಿ ಮಾಡುವ ಅಂಗಡಿ ಇದೆ. ಹರೆಯದಲ್ಲಿ ಟಾಕೀಸಿನಲ್ಲಿ ಪ್ರೊಜೆಕ್ಟರ್ ಓಡಿಸುತ್ತಿದ್ದವರು. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಂದು ಟಿವಿ, ನಾಲ್ಕು ಕುರ್ಚಿ, ಒಂದು ಬೆಂಚು. ಭಾನುವಾರ ಮಧ್ಯಾಹ್ನ ಅಲ್ಲಿ ಹಳೆಯ ಚಿತ್ರ ಹಾಕುತ್ತಾರೆ. ಬರುವವರು ಐದೇ ಜನ. ಹುಚ್ಚರಾಯಪ್ಪ, ಬೀಜ ಗೊಬ್ಬರದ ಅಂಗಡಿಯ ಮಾಲತೇಶ್, ಲೈಬ್ರರಿಯಲ್ಲಿ ಕೆಲಸ ಮಾಡುವ ಶ್ರೀಲತಾ, ಕಾಲೇಜಿನಲ್ಲಿ ಇತಿಹಾಸ ಹೇಳುವ, ಸೊರಬ ಕಡೆಯ ನಿರಂಜನ ಮೇಷ್ಟ್ರು, ಮತ್ತು ಗುಡ್ಡಮ್ಮ. ಒಂದು ಕಿವಿ ಕೇಳದ ಕಾರಣ ಅವರನ್ನು ಬಲಗಿವಿ ಟಿವಿಯ ಕಡೆ ಇರುವಂತೆ ಕೂರಿಸುತ್ತಾರೆ. ಹೋದ ವರ್ಷದಿಂದ ಅವರ ಜೊತೆ ಬಂದು ಬೆಂಚಿನ ತುದಿಯಲ್ಲಿ ನಾನೂ ಕೂರುತ್ತೇನೆ, ಲೆಕ್ಕಕ್ಕಿಲ್ಲದೆ.

ನಲವತ್ತರ ದಶಕದ ಹತ್ತು ಅತ್ಯುತ್ತಮ ಚಿತ್ರಗಳನ್ನು ಆರಿಸಿ ಕ್ರಮವಾಗಿ ಬರೆಯಬೇಕೆಂಬ ಆಲೋಚನೆ ಮೇಷ್ಟ್ರದು. ಕನ್ನಡ, ಹಿಂದಿ, ತಮಿಳು ಯಾವುದಾದರೂ ಸರಿ. ಪ್ರತಿ ಚಿತ್ರಕ್ಕೆ ಎರಡು ಪುಟದಂತೆ ಬರೆದು, ಪುಸ್ತಕವಾಗಿ ಹೊಲಿಸಿ, ನವೆಂಬರ್ ಒಂದಕ್ಕೆ ಲೈಬ್ರರಿಗೆ ಕೊಡುವುದು. ಎರಡು ವರ್ಷದಲ್ಲಿ ಒಂಬತ್ತು ಚಿತ್ರ ಒಪ್ಪಿತವಾಗಿದ್ದವು. ಟೆಂಟಿನ ಕಾಲದ ಜನರ ಹಾಗೆ ಇವರೂ ಚಿತ್ರಗಳಿಗೆ ಅಡ್ಡಹೆಸರು ಇಟ್ಟುಕೊಂಡಿದ್ದರು: ಬಾವಿ ಚಿತ್ರ, ತಂಬೂರಿ ಚಿತ್ರ, ಕುದುರೆ ಚಿತ್ರ. ಬಾವಿ ಚಿತ್ರಕ್ಕೂ ತಂಬೂರಿ ಚಿತ್ರಕ್ಕೂ ಮೊದಲ ಸ್ಥಾನಕ್ಕಾಗಿ ನಡೆದ ಜಗಳದಲ್ಲಿ ಮಾಲತೇಶ್ ಮೂರು ವಾರ ಬರದೇ ಉಳಿದದ್ದೂ ಉಂಟು.

ಹತ್ತನೆಯದಾಗಿ ಗುಡ್ಡಮ್ಮ 'ಸತಿ ಪದ್ಮಗಂಧಿ'ಯನ್ನು ಮುಂದಿಟ್ಟರು. ಮೇಷ್ಟ್ರು ಊರೂರು ವಿಚಾರಿಸಿದರು, ಪತ್ರ ಬರೆದರು. ಚಿತ್ರದ ಒಂದು ಅಡಿ ರೀಲೂ ಎಲ್ಲೂ ಉಳಿದಿರಲಿಲ್ಲ.

"ನೋಡೋಕೆ ಸಿಗದ ಚಿತ್ರಕ್ಕೆ ನಂಬರ್ ಹೇಗೆ ಕೊಡೋದು ಗುಡ್ಡಮ್ಮನೋರೆ? ನಾವು ನಾಲ್ವರೂ ನೋಡಿಲ್ಲ," ಎಂದರು ಮೇಷ್ಟ್ರು.

"ನೀವು ಪಾಠ ಹೇಳ್ತೀರಲ್ಲ ಮೇಷ್ಟ್ರೆ, ಆ ರಾಜರನ್ನೆಲ್ಲ ನೋಡೀರೇನು?"

ಮಾಲತೇಶ್ ಜೋರಾಗಿ ನಕ್ಕ. ಮೇಷ್ಟ್ರೂ ನಕ್ಕರು, ಆದರೆ ಬಿಡಲಿಲ್ಲ. "ರಾಜರಿಗೆ ಶಾಸನ ಇರ್ತದೆ. ಒಂದಲ್ಲ, ಎರಡು ಕಡೆ ಹೇಳಿದ್ರೆ ನಂಬ್ತೀವಿ."

"ಹಂಗಾರೆ ನಾನೊಂದು ಶಾಸನ. ಇನ್ನೊಂದು ಹುಡುಕಿ ತರ್ತೀನಿ."

ಅಂದೇ ನಿಯಮವಾಯಿತು. ಆ ಚಿತ್ರವನ್ನು ಕಣ್ಣಾರೆ ನೋಡಿದ ಇನ್ನೊಬ್ಬರು ಬರಬೇಕು. ಇಬ್ಬರೂ ಒಬ್ಬರ ಮಾತು ಒಬ್ಬರು ಕೇಳದ ಹಾಗೆ ಕಥೆ ಹೇಳಬೇಕು. ಎರಡೂ ಹೊಂದಿದರೆ ಚಿತ್ರವನ್ನು ಕೈ ಎತ್ತುವುದಕ್ಕೆ ಇಡುವುದು. ಚಿತ್ರ ತಂದವರು ಕೈ ಎತ್ತುವ ಹಾಗಿಲ್ಲ. ಉಳಿದ ನಾಲ್ವರಲ್ಲಿ ಮೂವರು ಎತ್ತಬೇಕು. ನವೆಂಬರ್ ಒಂದಕ್ಕೆ ಉಳಿದದ್ದು ಏಳು ವಾರ.

ಮನೆಗೆ ಬರುವಾಗ ದಾರಿಯಲ್ಲಿ ನಾನು, "ಹತ್ತರಲ್ಲಿ ಇಲ್ಲದಿದ್ದರೇನಂತೆ, ನಿಮ್ಮ ಮನಸ್ಸಿನಲ್ಲಿ ಇದೆಯಲ್ಲ," ಎಂದೆ. ಗುಡ್ಡಮ್ಮ ನಿಂತರು.

"ನಾ ಸತ್ತ ಮರುದಿನ? ಪುಸ್ತಕದಾಗ ಬಂದ್ರೆ ಇತ್ತು ಅಂತಾರೆ. ಬರದಿದ್ರೆ ಹಂಗೊಂದು ಚಿತ್ರ ಇತ್ತು ಅನ್ನೋದೇ ಹೋಗ್ತತಿ. ನಾ ಏನು ನೋಡಿ ಮನೆ ಬಿಟ್ನೋ ಅದಕ್ಕೆ ಒಂದು ಗುರುತು ಬ್ಯಾಡೇನು?"

ಮಂಗಳವಾರ ಅವರು ರೊಟ್ಟಿ ಮಾಡುವುದಿಲ್ಲ. ಆ ಮಂಗಳವಾರದಿಂದ ಶುರುವಾಯಿತು ತಿರುಗಾಟ. ಶಿರಾಳಕೊಪ್ಪದಲ್ಲಿ ಎಂಬತ್ತು ದಾಟಿದವರ ಮನೆ ಮನೆಗೆ ಹೋದರು. ಕೆಲವರಿಗೆ ಟೆಂಟು ನೆನಪಿತ್ತು, ಚಿತ್ರ ನೆನಪಿರಲಿಲ್ಲ. ಕೆಲವರಿಗೆ ಚಿತ್ರದ ಹೆಸರು ನೆನಪಿತ್ತು, ಕಥೆ ಕೇಳಿದರೆ ಬೇರೆ ಯಾವುದನ್ನೋ ಹೇಳುತ್ತಿದ್ದರು. ಒಬ್ಬ ಅಜ್ಜ ಗುಡ್ಡಮ್ಮ ಏನು ಕೇಳಿದರೂ ಹೌದು ಹೌದು ಎನ್ನುತ್ತಿದ್ದರು. "ಅವರನ್ನ ಕರ್ಕಂಡು ಹೋಗ್ರಿ ಅಜ್ಜಿ, ಪೂರ್ತಿ ಹೊಂದುತ್ತೆ," ಎಂದ ಮಾಲತೇಶ್. "ಹೌದು ಅನ್ನೋಕೆ ನನಗೆ ಜನ ಬೇಕಾಗಿದ್ರೆ ನೀನೇ ಇದ್ಯಲ್ಲೋ," ಎಂದರು ಗುಡ್ಡಮ್ಮ.

ಶಿರಾಳಕೊಪ್ಪದ ಟೆಂಟಿಗೆ ಬರುವ ಮೊದಲು ಚಿತ್ರ ಎಲ್ಲಿ ಓಡಿತ್ತು ಎಂದು ಹುಚ್ಚರಾಯಪ್ಪನವರನ್ನು ಕೇಳಿದರು. ಆಗಿನ ರೂಢಿ ಹೇಳಿದರು ಅವರು: ಸೊರಬದಲ್ಲಿ ಒಂದು ವಾರ, ಅದೇ ಪ್ರಿಂಟು ಮುಂದಿನ ವಾರ ಶಿರಾಳಕೊಪ್ಪ, ಆಮೇಲೆ ಶಿಕಾರಿಪುರ. ಸರಿ, ಮುಂದಿನ ಮಂಗಳವಾರದಿಂದ ಸೊರಬದ ಬಸ್ಸು. ಎರಡು ಸಲ ನಾನೂ ಹೋದೆ. ಮಠದಲ್ಲಿ, ಕಿರಾಣಿ ಅಂಗಡಿಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ ನಿಂತ ಮುದುಕರನ್ನೂ ಬಿಡದೆ ಕೇಳಿದರು. ಗುಡವಿಯ ಕೆರೆಯ ಹತ್ತಿರ ಹಕ್ಕಿ ನೋಡಲು ಬರುವವರಿಗೆ ಚಹಾ ಮಾರುವ ಹೆಂಗಸೊಬ್ಬಳು ಕಡೆಗೆ ಹೇಳಿದಳು: "ಹೊಸಬಾಳೆ ಗೌರೀಶಂಕರ ಹೆಗಡೇರನ್ನ ಕೇಳಿ. ಹಳೇ ಸಿನಿಮಾ ಹಾಡು ಬಾಯಿಪಾಠ ಅವರಿಗೆ."

ಐದನೆಯ ಮಂಗಳವಾರ ಹೊಸಬಾಳೆ. ಹೆಗಡೆಯವರಿಗೆ ಎಂಬತ್ತಾರು. ಅಂಗಳದಲ್ಲಿ ಕುಳಿತು ಮೊಮ್ಮಗಳು ವಿಭಾಳ ಸ್ಕೂಟರಿನ ಚಕ್ರಕ್ಕೆ ಗಾಳಿ ಹೊಡೆಯುತ್ತಿದ್ದರು. ಗುಡ್ಡಮ್ಮ ಚಿತ್ರದ ಹೆಸರು ಹೇಳಿದರು. ಮುದುಕರು ಪಂಪು ಬಿಟ್ಟು ಎದ್ದು ನಿಂತರು.

"ಪದ್ಮಗಂಧಿಯಾ? ಏಳು ದಿನ, ಏಳು ಸಲ ನೋಡಿದ್ದೆ ಮಾರಾಯ್ರೆ. ಆ ಟೆಂಟಿನ ಮ್ಯಾನೇಜರು ನಮ್ಮ ಮನೆ ಜಗಲಿ ಮೇಲೇ ಉಳಕೊಂಡಿದ್ದ. ನಂಗೆ ಟಿಕೆಟ್ಟಿಲ್ಲ. ಅದರಲ್ಲಿ ಆ ಕೊಡ..."

"ಹೇಳಬ್ಯಾಡ್ರಿ," ಎಂದು ಗುಡ್ಡಮ್ಮ ಕೈ ಅಡ್ಡ ಹಿಡಿದರು. "ಒಂದು ಮಾತೂ ಹೇಳಬ್ಯಾಡ್ರಿ. ಭಾನುವಾರ ಬಂದು ಅಲ್ಲಿ ಹೇಳ್ರಿ."

ಹೆಗಡೆಯವರಿಗೆ ಹೇಳದೆ ಇರುವುದು ಕಷ್ಟವಾಯಿತು. ಬಸ್ಸು ಬರುವ ತನಕ ನಮ್ಮ ಜೊತೆ ರಸ್ತೆಯಲ್ಲಿ ನಿಂತು, ಬಾಯಿ ತೆರೆಯುವುದು, ಗುಡ್ಡಮ್ಮನ ಮುಖ ನೋಡಿ ಮುಚ್ಚುವುದು, ಹೀಗೇ ಕಾಲ ಕಳೆದರು.

ಆ ಭಾನುವಾರ ವಿಭಾ ಅಜ್ಜನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಬಂದಳು. ಮೇಷ್ಟ್ರಿಗೆ ಆಶ್ಚರ್ಯ. ಅವರದೂ ಹೊಸಬಾಳೆಯೇ, ಹೆಗಡೆಯವರು ಅವರಿಗೆ ದೂರದ ಸಂಬಂಧದಲ್ಲಿ ದೊಡ್ಡಪ್ಪ. "ನಮ್ಮ ದೊಡ್ಡಪ್ಪ ನೋಡಿದ್ದು ನನಗೇ ಗೊತ್ತಿಲ್ಲ," ಎಂದರು. "ನೀ ಯಾವತ್ತು ಕೇಳಿದ್ದೆ?" ಎಂದರು ದೊಡ್ಡಪ್ಪ.

ಹೆಗಡೆಯವರನ್ನು ಮುಂದಿನ ಅಂಗಡಿಯಲ್ಲಿ ಬಿಚ್ಚಿಟ್ಟ ಮಿಕ್ಸರುಗಳ ನಡುವೆ ಕೂರಿಸಿ, ಕೋಣೆಯ ಬಾಗಿಲು ಹಾಕಿ, ಬೀದಿಯ ಸದ್ದು ಸಾಲದು ಎಂಬಂತೆ ರೇಡಿಯೋ ಹಚ್ಚಿಟ್ಟರು. ಒಳಗೆ ಗುಡ್ಡಮ್ಮ ಹೇಳಲು ಶುರು ಮಾಡಿದರು. ಶ್ರೀಲತಾ ಬರೆದುಕೊಳ್ಳುತ್ತಾ ಹೋದಳು.

ಪದ್ಮಗಂಧಿ ಕುಂಬಾರರ ಮಗಳು. ಅವಳ ಮೈಯಿಂದ ಕಮಲದ ವಾಸನೆ ಬರುತ್ತದೆಂದು ಶ್ರೀಮಂತ ಸೆಟ್ಟಿಯೊಬ್ಬ ಮದುವೆಯಾಗುತ್ತಾನೆ. ಅತ್ತೆಗೆ ಕುಂಬಾರರ ಹುಡುಗಿ ಬೇಡ. ಮನೆಯ ಬೆಳ್ಳಿಯ ಕೊಡ ಕಾಣೆಯಾದಾಗ ಅದನ್ನು ಇವಳೇ ಯಾರಿಗೋ ಕೊಟ್ಟಳೆಂದು ಚಾಡಿ ಹೇಳುತ್ತಾಳೆ. ಗಂಡ ನಂಬುತ್ತಾನೆ. ಊರ ಪಂಚರು ಸೇರಿ ಪರೀಕ್ಷೆ ಇಡುತ್ತಾರೆ: ತಳ ಒಡೆದ ಕೊಡದಲ್ಲಿ ಹೊಳೆಯಿಂದ ನೀರು ತರಬೇಕು, ಮನೆಯ ಹೊಸ್ತಿಲಿಗೆ ಬರುವತನಕ ಒಂದು ಹನಿ ಸೋರಬಾರದು. ಅವಳು ಹೊಳೆಯಲ್ಲಿ ಮುಳುಗಿ, ಶಿವನನ್ನು ನೆನೆದು, ಕೊಡ ತುಂಬುತ್ತಾಳೆ. ನೀರು ನಿಲ್ಲುತ್ತದೆ. ಊರೆಲ್ಲ ಹಿಂದೆ ಬರುತ್ತದೆ. ಹೊಸ್ತಿಲ ಹತ್ತಿರ ಗಂಡ ಎರಡು ಕೈ ಚಾಚಿ ನಿಂತಿದ್ದಾನೆ.

"ಅವಳು ನಿಲ್ಲಲ್ಲ," ಎಂದರು ಗುಡ್ಡಮ್ಮ. ಅವರ ಅಂಗೈ ತಮಗರಿವಿಲ್ಲದೆ ತೊಡೆಯನ್ನು ತಟ್ಟುತ್ತಿತ್ತು. "ಗಂಡನ್ನ ನೋಡ್ತಾಳ. ಹೊಸ್ತಿಲ ನೋಡ್ತಾಳ. ಹಂಗೇ ಮುಂದಕ್ಕೆ ಹೋಗ್ತಾಳ. ಮನಿ ದಾಟ್ಯಾಳ, ಹುಣಸೆಮರ ದಾಟ್ಯಾಳ, ಒಂದು ಹನಿ ಚೆಲ್ಲಿಲ್ಲ. ದಾರಿ ತಿರುಗಿದಲ್ಲಿ ಅವಳ ಸೆರಗು ಒಂದಿಷ್ಟು ಕಾಣ್ತತಿ. ಆಮೇಲೆ ಅದೂ ಇಲ್ಲ. ಬರೇ ದಾರಿ. ಅಷ್ಟೇ. ಮುಗೀತು. ಟೆಂಟಿನಾಗ ಜನ ಎದ್ದು ಹಂಗ ಕೂಗಿದ್ರು, ಟವೆಲ್ ಎಸೆದ್ರು. ಅವಳು ಹೋದ್ಲಲ್ಲ ಅಂತ ಅವರಿಗೆ ತಡ್ಕಳಾಕೆ ಆಗ್ಲಿಲ್ಲ."

ಮಾಲತೇಶ್ ಕನ್ನಡಕ ತೆಗೆದು ಒರೆಸಿದ. "ಬಾವಿ ಚಿತ್ರ ಇಳೀತು ಕೆಳಕ್ಕೆ," ಎಂದ.

ಹುಚ್ಚರಾಯಪ್ಪ ಮಾತ್ರ ಏನನ್ನೋ ಯೋಚಿಸುತ್ತಾ, "ಸತಿ ಅಂತ ಹೆಸರಿಟ್ಟ ಚಿತ್ರ ಹಂಗೆ ಮುಗಿಯೋದು ನಾ ಕೇಳಿಲ್ಲ ಅಕ್ಕ," ಎಂದರು.

ಹೆಗಡೆಯವರನ್ನು ಒಳಗೆ ಕರೆದರು. ಅವರು ನಿಂತುಕೊಂಡೇ ಹೇಳಿದರು. ಕುಂಬಾರರ ಮಗಳು, ಕಮಲದ ವಾಸನೆ, ಬೆಳ್ಳಿಯ ಕೊಡ. ಶ್ರೀಲತಾ ಒಂದೊಂದಕ್ಕೂ ಗುಡ್ಡಮ್ಮನ ಹಾಳೆಯಲ್ಲಿ ಗುರುತು ಹಾಕುತ್ತಾ ಬಂದಳು. ಇಪ್ಪತ್ತೆರಡಕ್ಕೆ ಇಪ್ಪತ್ತೆರಡೂ ಹೊಂದಿದವು. ಹುಣಸೆಮರವೂ ಇತ್ತು. ದಾರಿ ತಿರುಗಿದಲ್ಲಿ ಸೆರಗು ಕಾಣುವುದೂ ಇತ್ತು. ಗುಡ್ಡಮ್ಮ ಒಂದೊಂದಕ್ಕೂ ತಲೆ ಆಡಿಸುತ್ತಾ, ಬಲಗಿವಿಯನ್ನು ಮುಂದೆ ಮಾಡಿಕೊಂಡು ಕುಳಿತಿದ್ದರು. ಅಷ್ಟು ಸಂತೋಷವನ್ನು ಅವರ ಮುಖದಲ್ಲಿ ನಾನು ಕಂಡದ್ದು ಕಡಿಮೆ.

"ಆಮೇಲೆ," ಎಂದರು ಹೆಗಡೆಯವರು, "ಅವಳು ಹೊಳೆ ದಡದಲ್ಲಿ ಕೂತು ಒಂದು ಹಾಡು ಹೇಳ್ತಾಳೆ."

ಶ್ರೀಲತಾಳ ಪೆನ್ನು ನಿಂತಿತು.

"ಎಂತಾ ಹಾಡು ಗೊತ್ತುಂಟಾ. ಹಾಡು ಮುಗಿಯುವಾಗ ಅತ್ತೆಯ ಕೋಣೆಯಲ್ಲೇ ಬೆಳ್ಳಿ ಕೊಡ ಸಿಗ್ತದೆ. ಗಂಡ ಅಳ್ತಾ ಓಡಿ ಬರ್ತಾನೆ. ಅವನು ಬರುವ ಮೊದಲೇ ಇವಳು ತಿರುಗಿ ಹೊರಟಾಗಿದೆ. ಅದೇ ನೀರಲ್ಲಿ ಹೊಸ್ತಿಲಲ್ಲಿ ಗಂಡನ ಕಾಲು ತೊಳೀತಾಳೆ, ಅತ್ತೆ ಕಾಲೂ ತೊಳೀತಾಳೆ. ಮಂಗಳಾರತಿ. ಶುಭಂ."

"ಅವಳು ವಾಪಸ್ ಬಂದ್ಲಾ?" ಎಂದರು ಗುಡ್ಡಮ್ಮ.

"ಬರದೆ? ಏಳು ಸಲವೂ ಬಂದಳು."

ಹೆಗಡೆಯವರಿಗೆ ಇಲ್ಲಿ ಏನೋ ಆಗಿದೆ ಎಂದು ಆಗ ತಿಳಿಯಿತು. ಎಲ್ಲರ ಮುಖ ನೋಡಿದರು. ಶ್ರೀಲತಾ ಮೆಲ್ಲಗೆ ವಿಷಯ ಹೇಳಿದಳು. ಅವರು ಬೆಂಚಿನ ಮೇಲೆ ಕುಳಿತು, ಸ್ವಲ್ಪ ಹೊತ್ತು ಲೆಕ್ಕ ಹಾಕಿ, ಗುಡ್ಡಮ್ಮನನ್ನು ಕೇಳಿದರು: "ನೀವು ನೋಡಿದ್ದು ಶಿರಾಳಕೊಪ್ಪದ ಮೊದಲನೇ ದಿನವಾ?"

"ಸಂತೆ ದಿನ. ಅವತ್ತೇ ಚಿತ್ರ ಬದಲಾಗಿತ್ತು."

"ಹಾಗಾದ್ರೆ ಸರಿ. ಇಲ್ಲಿನ ಟೆಂಟನ್ನೂ ಆ ಮ್ಯಾನೇಜರೇ ನೋಡಿಕೊಳ್ತಿದ್ದ, ಆಮೇಲೆ ನಮ್ಮಲ್ಲಿ ಬಂದು ಇದನ್ನೇ ಹೇಳಿಕೊಂಡು ತಲೆ ಚಚ್ಚಿಕೊಂಡಿದ್ದ. ಸೊರಬದಿಂದ ರೀಲಿನ ಡಬ್ಬಿಗಳನ್ನು ಬಸ್ಸಿನ ಟಾಪಿನ ಮೇಲೆ ಹಾಕಿ ಕಳಿಸಿದ್ರು. ಇಳಿಸುವಾಗ ಒಂದು ಡಬ್ಬಿ ಮೇಲೇ ಉಳೀತು. ಬಸ್ಸು ಶಿಕಾರಿಪುರಕ್ಕೆ ಹೋಯ್ತು. ಕೊನೇ ಡಬ್ಬಿ ಅದು. ಇಲ್ಲಿ ಆಟ ಶುರುವಾಗಿ ಮುಕ್ಕಾಲು ಆದ ಮೇಲೆ ಗೊತ್ತಾಯ್ತಂತೆ. ಜನ ಟೆಂಟಿನ ಹಗ್ಗ ಕೊಯ್ಯಲಿಕ್ಕೆ ಹೊರಟಿದ್ರಂತೆ. ಮರುದಿನ ಡಬ್ಬಿ ತರಿಸಿ ಎಲ್ಲರಿಗೂ ಪುಕ್ಕಟೆ ತೋರಿಸಿದ."

ಮರುದಿನ ಗುಡ್ಡಮ್ಮ ತಮ್ಮ ಹಳ್ಳಿಯಲ್ಲಿ ಮೆಣಸಿನ ಗಿಡಕ್ಕೆ ನೀರು ಬಿಡುತ್ತಿದ್ದರು. ಅವರ ಮಟ್ಟಿಗೆ ಚಿತ್ರ ಮುಗಿದಿತ್ತು.

ನಾನು ಅವರ ಕೈ ಮೇಲೆ ಕೈ ಇಡಲು ಹೋದೆ. ಅವರು ತಮ್ಮ ಕೈ ತೆಗೆದುಕೊಂಡು ಸೆರಗಿನ ಅಡಿಗೆ ಇಟ್ಟರು. ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಬಾವಿಕಟ್ಟೆಯ ಮೇಲೆ ಬಿಟ್ಟುಬಂದ ಆ ಕೊಡದ ಕಥೆ ಕೂಟದ ಎಲ್ಲರಿಗೂ ಗೊತ್ತಿತ್ತು.

ಕಡೆಗೆ ಮಾಲತೇಶ್ ಹೇಳಿದ: "ಅಜ್ಜಿ, ಆ ಡಬ್ಬಿ ಸರಿಯಾಗಿ ಇಳಿದಿದ್ರೆ ಶಿರಾಳಕೊಪ್ಪದಾಗ ನಮಗ್ಯಾರಿಗೂ ರೊಟ್ಟಿ ಸಿಗ್ತಿರಲಿಲ್ಲ ನೋಡ್ರಿ."

ಗುಡ್ಡಮ್ಮ ಅವನನ್ನು ದಿಟ್ಟಿಸಿ ನೋಡಿದರು. ನಂತರ ನಕ್ಕರು, ತಡವಾಗಿ, ಹಲ್ಲಿಲ್ಲದ ಬಾಯಿ ತುಂಬ. "ಆ ಬಸ್ಸಿನ ಕ್ಲೀನರ್ ಯಾರಿದ್ನೋ, ಅವನಿಗೆ ಶಿವ ಒಳ್ಳೇದು ಮಾಡಿರಲಿ," ಎಂದರು.

ಹೆಗಡೆಯವರಿಗೆ ಸಮಾಧಾನವಿರಲಿಲ್ಲ. ತಾವು ಬಂದು ಕೆಡಿಸಿದೆವೆಂಬ ಮುಖ. "ನಿರಂಜನ, ನಂಗೆ ಎಂಬತ್ತಾರು. ಆ ಕೊನೇ ಭಾಗ ಬೇರೆ ಯಾವುದೋ ಚಿತ್ರದ್ದಿರಬಹುದು. ಅದನ್ನ ಬರೀಬೇಡಿ. ಅವರು ಹೇಳಿದಲ್ಲಿಗೇ ನಾನೂ ನಿಲ್ಲಿಸಿದೆ ಅಂತ ಬರ್ಕೊಳ್ಳಿ."

"ಏಳು ಸಲ ನೋಡಿದೋರು ಈಗ ಸುಳ್ಳು ಹೇಳಬ್ಯಾಡ್ರಿ ಹೆಗಡೇರೆ," ಎಂದರು ಗುಡ್ಡಮ್ಮ. "ಬಂದ್ಲು ಅಂದ್ರೆ ಬಂದ್ಲು. ಬರಕ ಮಗಾ ಶ್ರೀಲತಾ. ಅವರು ಹೇಳಿದ್ದನ್ನ ಅವರು ಹೇಳಿದಂಗೆ ಬರಿ. ನಾ ಹೇಳಿದ್ದನ್ನ ನಾ ಹೇಳಿದಂಗೆ ಬರಿ. ನಾ ನೋಡಿದ್ದೂ ಇದೇ ಬೆಳಕಿನಾಗ, ಇದೇ ಪರದೆ ಮ್ಯಾಲೆ. ಚಿತ್ರ ಕೈ ಎತ್ತಾಕೆ ಇಡ್ರಿ ಮೇಷ್ಟ್ರೆ."

"ನಿಯಮದ ಪ್ರಕಾರ ಎರಡೂ ಹೊಂದಬೇಕಿತ್ತು," ಎಂದರು ಮೇಷ್ಟ್ರು. ಅವರ ದನಿ ಸಣ್ಣದಾಗಿತ್ತು.

"ಇಪ್ಪತ್ತೆರಡು ಹೊಂದ್ಯಾವ. ಇಪ್ಪತ್ತಮೂರನೇದು ನನಗೆ ಬರಲಿಲ್ಲ, ಬಸ್ಸಿನಾಗ ಹೋತು. ಇದನ್ನ ಹೊಂದಿಲ್ಲ ಅಂತೀರೋ ಹೊಂದೇತಿ ಅಂತೀರೋ, ಅದನ್ನೇ ಕೈ ಎತ್ತಿ ಹೇಳ್ರಿ."

ಇಟ್ಟರು. ಮಾಲತೇಶ್ ಮೊದಲು ಕೈ ಎತ್ತಿದ. ಶ್ರೀಲತಾ ಪೆನ್ನು ಹಿಡಿದ ಕೈಯನ್ನೇ ಎತ್ತಿದಳು. ಹುಚ್ಚರಾಯಪ್ಪ ಎರಡೂ ಕೈಗಳನ್ನು ಮಂಡಿಯ ಮೇಲೆ ಇಟ್ಟುಕೊಂಡು ಕುಳಿತರು.

"ನನ್ನ ಬೈಕೋಬ್ಯಾಡ ಅಕ್ಕ," ಎಂದರು. "ಹದಿನಾಲ್ಕು ವರ್ಷ ಪ್ರೊಜೆಕ್ಟರ್ ಓಡ್ಸೀನಿ. ಒಂದು ರೀಲು ಬಿಟ್ಟು ಓಡ್ಸಿದ್ದು ಚಿತ್ರ ಅಲ್ಲ, ಅದು ತಪ್ಪು. ನಮ್ಮ ಕಡೇರು ಮಾಡಿದ ತಪ್ಪು. ಅದಕ್ಕೆ ನಾ ಕೈ ಎತ್ತಂಗಿಲ್ಲ. ಪೂರಾ ಚಿತ್ರ ಅಂದ್ರೆ, ಕೊನೇಗೆ ಕಾಲು ತೊಳೆಯೋ ಚಿತ್ರ ಹತ್ತರಾಗ ಬರೋದಲ್ಲ. ಅಂಥವು ಆಗ ಸಾವಿರ ಇದ್ವು."

"ಬೈಯಂಗಿಲ್ಲ. ನಿಂದು ನಿಜವಾದ ಮಾತು," ಎಂದರು ಗುಡ್ಡಮ್ಮ.

ಉಳಿದವರು ಮೇಷ್ಟ್ರು. ಅವರ ಕೈ ಏಳಲಿಲ್ಲ. ನೆಲ ನೋಡುತ್ತಿದ್ದರು. ಎರಡು ಕೈ, ಬೇಕಾದದ್ದು ಮೂರು. ಶ್ರೀಲತಾ ಅದನ್ನು ಬರೆದುಕೊಳ್ಳಲೋ ಬೇಡವೋ ಎಂದು ತಡೆದಳು. "ಬರಿ," ಎಂದರು ಗುಡ್ಡಮ್ಮ. ಅವಳು ಬರೆದಳು.

ಹೆಗಡೆಯವರನ್ನು ವಿಭಾ ಸ್ಕೂಟರಿಗೆ ಹತ್ತಿಸಿಕೊಂಡು ಹೊರಟಳು. ಹೋಗುವ ಮೊದಲು ಅವರು ಗುಡ್ಡಮ್ಮನ ಕಡೆ ಬಾಗಿ, ಆ ಹೊಳೆಯ ದಡದ ಹಾಡನ್ನು ಎರಡು ಸಾಲು ಗುನುಗಿದರು. ಅವರು ಇದ್ದದ್ದು ಎಡಗಡೆ. ಗುಡ್ಡಮ್ಮ ಅವರ ತೋಳು ಹಿಡಿದು ಬಲಗಡೆಗೆ ಕರೆದುಕೊಂಡು, "ಇನ್ನೊಂದು ಸಲ ಹೇಳ್ರಿ," ಎಂದರು. ಪೂರ್ತಿ ಹಾಡು ಕೇಳಿದರು. ಕೆಟ್ಟ ಹಾಡಲ್ಲ ಎಂದರು.

ಮಾಲತೇಶ್ ಚಹಾ ತರಲು ಹೋದ. ಮೇಷ್ಟ್ರು ಗುಡ್ಡಮ್ಮನ ಎದುರಿನ ಕುರ್ಚಿಗೆ ಬಂದು ಕುಳಿತರು.

"ಗುಡ್ಡಮ್ಮನೋರೆ, ಐದು ವಾರ ನೀವು ಬಿಸಿಲಲ್ಲಿ ತಿರುಗಿದ್ರಿ. ನಾನು ನಿಯಮ ಹಿಡ್ಕೊಂಡು ಕೂತೆ. ಶ್ರೀಲತಾ, ಆ ಹಾಳೆ ಕೊಡು. ನನ್ನ ಕೈ ಎತ್ತಿದೆ ಅಂತ ಬರಿ. ಹತ್ತನೇದು ಪದ್ಮಗಂಧಿ. ಕೊನೆಯ ಭಾಗ ಸಿಕ್ಕಿಲ್ಲ ಅಂತ ಹಾಕೋಣ. ಲೈಬ್ರರಿಗೆ ಕೊಡೋ ಪುಸ್ತಕದಲ್ಲಿ ಯಾರು ಕೇಳ್ತಾರೆ?"

"ನಿಮಗೆ ಈಗ ಚಿತ್ರ ಇಷ್ಟ ಆತೇನು?" ಎಂದರು ಗುಡ್ಡಮ್ಮ.

ಮೇಷ್ಟ್ರು ಸುಳ್ಳು ಹೇಳುವವರಲ್ಲ. "ನಿಮ್ಮನ್ನ ಕಂಡ್ರೆ ಗೌರವ. ಚಿತ್ರದ ವಿಷಯ ಇನ್ನೂ ಯೋಚನೆ ಮಾಡ್ತಿದೀನಿ. ಅವಳು ಯಾಕೆ ತಿರುಗಿ ಬಂದಳು ಅನ್ನೋದು ನನಗೆ ಸರಿ ಹೋಗ್ತಿಲ್ಲ."

"ನನಗೂ ಸರಿ ಹೋಗ್ತಿಲ್ಲ. ಒಂದು ತಾಸಿನ ಹಿಂದೆ ಕೇಳಿದ ಸುದ್ದಿ ಅದು. ಹೆಗಡೇರು ಹೇಳಿದ್ದನ್ನ ಇನ್ನೂ ನಾ ನನ್ನ ಬಾಯಾಗ ಹೇಳಿ ನೋಡಿಲ್ಲ." ಅವರು ಎದ್ದು ಚಪ್ಪಲಿ ಮೆಟ್ಟಿದರು. "ನವೆಂಬರ್ ಒಂದಕ್ಕೆ ಇನ್ನೂ ಎರಡು ಭಾನುವಾರ ಐತಿ. ಹೊಳೆ ದಡದ ಹಾಡು ಸೇರ್ಸಿ, ಕಾಲು ತೊಳೆಯೋದೂ ಸೇರ್ಸಿ, ನಾನೇ ಪೂರಾ ಹೇಳ್ತೀನಿ. ಕೇಳ್ರಿ. ಆಮೇಲೆ ಎತ್ತಿದ್ರೆ ಎತ್ರಿ, ಬಿಟ್ರೆ ಬಿಡ್ರಿ."

"ಅವತ್ತೂ ಎರಡೇ ಕೈ ಬಂದ್ರೆ?" ಎಂದರು ಮೇಷ್ಟ್ರು. "ಅದಕ್ಕೇ ಹೇಳಿದ್ದು. ಈಗ ನಾನೇ ಕೊಡ್ತಿದೀನಲ್ಲ, ತಗೊಳ್ಳಿ."

ಗುಡ್ಡಮ್ಮ ಶ್ರೀಲತಾಳ ಕೈಯಿಂದ ಹಾಳೆ ತೆಗೆದುಕೊಂಡು, ಎರಡು ಕೈ ಎಂದು ಬರೆದಿದ್ದಲ್ಲಿ ಬೆರಳಿಟ್ಟು, ಅದನ್ನು ಮೇಷ್ಟ್ರ ಮುಂದೆ ಬೆಂಚಿನ ಮೇಲೆ ಇಟ್ಟರು.

"ಬ್ಯಾಡ್ರಿ ಮೇಷ್ಟ್ರೆ. ನನ್ನ ಮುಖ ನೋಡಿ ಎತ್ತಿದ ಕೈ ನನಗೆ ಬ್ಯಾಡ. ಇದು ಹಿಂಗೇ ಇರ್ಲಿ."